ಆರಿಸಿದ ಅಂಕಿ ಮಿನುಗುವುದೇಕೆ? ನಿಕ್ಸಿ ಗಡಿಯಾರದ ಸೋರಿಕೆ ಕರೆಂಟ್: ತಪ್ಪು ಕಲ್ಪನೆ ಮತ್ತು ವಾಸ್ತವ

ಗಾಜಿನ ಬುರುಡೆಯೊಳಗೆ ಕಡಿಮೆ ಒತ್ತಡದ ನಿಯಾನ್ ಅನಿಲ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಆಕಾರದ ಹತ್ತು ಲೋಹದ ಕ್ಯಾಥೋಡ್‌ಗಳು ಒಂದರ ಹಿಂದೊಂದು ನಿಂತಿವೆ, ಅವುಗಳಿಗೆ ಜಾಲರಿಯಂಥ ಒಂದು ಆನೋಡ್. ನಿಕ್ಸಿ ಟ್ಯೂಬ್ ಎಂದರೆ ಇಷ್ಟೇ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದ ಈ ಟ್ಯೂಬು 1970ರ ದಶಕದಲ್ಲಿ ಎಲ್‌ಇಡಿಗೆ ಜಾಗ ಬಿಟ್ಟುಕೊಟ್ಟಿತು. ಆದರೂ ಸೋವಿಯತ್ ಕಾರ್ಖಾನೆಗಳು 1980ರ ದಶಕದಲ್ಲೂ ತಯಾರಿಸಿದ ಐಎನ್-12, ಐಎನ್-14 ಟ್ಯೂಬುಗಳು ಹವ್ಯಾಸಿಗಳ ಕೈಗೆ ಇಂದಿಗೂ ಸಿಗುತ್ತವೆ. ಚೆಕ್ ಗಣರಾಜ್ಯದ ಡಾಲಿಬೋರ್ ಫಾರ್ನಿ ಹೊಸ ಟ್ಯೂಬುಗಳನ್ನೇ ಕೈಯಿಂದ ಮಾಡುತ್ತಿದ್ದಾರೆ. ಹಾಗಾಗಿ ನಿಕ್ಸಿ ಗಡಿಯಾರ ಕಟ್ಟುವವರ ಸಂಖ್ಯೆಗೇನೂ ಕೊರತೆಯಿಲ್ಲ.

ಆರು ಅಂಕಿಯ ಗಡಿಯಾರದಲ್ಲಿ ಪ್ರತಿ ಕ್ಯಾಥೋಡ್‌ಗೂ ಬೇರೆ ಬೇರೆ ಡ್ರೈವರ್ ಕೊಟ್ಟರೆ (ಇದು ನೇರ ಚಾಲನೆ) ಅರವತ್ತು ತಂತಿಗಳಾಗುತ್ತವೆ. ಅದನ್ನು ತಪ್ಪಿಸಲು ಎಲ್ಲ ಟ್ಯೂಬುಗಳ ‘1’ಗಳನ್ನು ಒಂದೇ ತಂತಿಗೆ, ಎಲ್ಲ ‘2’ಗಳನ್ನು ಇನ್ನೊಂದು ತಂತಿಗೆ ಸೇರಿಸಿ, ಟ್ಯೂಬುಗಳ ಆನೋಡ್‌ಗಳನ್ನು ಒಂದಾದ ಮೇಲೊಂದರಂತೆ ವೇಗವಾಗಿ ಹಚ್ಚಿ ಆರಿಸುತ್ತಾರೆ. ಇದು ಮಲ್ಟಿಪ್ಲೆಕ್ಸಿಂಗ್. ತಂತಿಗಳು ಹದಿನಾರಕ್ಕೆ ಇಳಿಯುತ್ತವೆ, ಜೊತೆಗೆ ಒಂದು ತೊಂದರೆಯೂ ಬರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ನೋಡಿದರೆ ಹೊಳೆಯುವ 7ರ ಹಿಂದೆ ಮಸುಕಾದ 3 ಕಾಣುತ್ತದೆ. ಪೂರ್ತಿ ಆರಿರಬೇಕಾದ ಟ್ಯೂಬಿನಲ್ಲೂ ಕೆಂಪು ಮಬ್ಬು ಮಿನುಗುತ್ತದೆ. ಕಟ್ಟುವವರು ಇದನ್ನು ಘೋಸ್ಟಿಂಗ್ ಎನ್ನುತ್ತಾರೆ.

ಇದರ ಸುತ್ತ ಹಬ್ಬಿರುವ ತಪ್ಪು ತಿಳಿವಳಿಕೆಗಳೆಲ್ಲ ಹುಟ್ಟುವುದು ಒಂದೇ ಊಹೆಯಿಂದ: ಸ್ವಿಚ್ಚನ್ನು ತೆರೆದರೆ ಸಾಕು, ಆ ತಂತಿ ‘ಆಫ್’ ಆಯಿತು ಎನ್ನುವುದು. 170 ವೋಲ್ಟಿನ ಸರ್ಕ್ಯೂಟಿನಲ್ಲಿ ಹಾಗೆ ಸುಮ್ಮನೆ ಬಿಟ್ಟ ತಂತಿ ಎಲ್ಲಿಗೆ ಬೇಕಾದರೂ ತೇಲಿಹೋಗುತ್ತದೆ. ಅದು ಆರಿರುವಾಗಲೂ ಯಾವ ವೋಲ್ಟೇಜಿನಲ್ಲಿ ನಿಂತಿರಬೇಕೆಂದು ನಾವೇ ಗೊತ್ತುಮಾಡಬೇಕು.

ತಪ್ಪು ಕಲ್ಪನೆ: ಟ್ಯೂಬ್ ಹಳೆಯದು, ಅದಕ್ಕೇ ಹೀಗೆ

ವಾಸ್ತವ: ಮಿನುಗುವ ಟ್ಯೂಬನ್ನು ಪಕ್ಕದ ಸ್ಥಾನದ ಟ್ಯೂಬಿನೊಡನೆ ಅದಲುಬದಲು ಮಾಡಿ ನೋಡಿ. ಮಬ್ಬು ಬೆಳಕು ಟ್ಯೂಬಿನ ಜೊತೆಗೇ ಹೋದರೆ ಮಾತ್ರ ಟ್ಯೂಬಿನ ಮೇಲೆ ಸಂಶಯಪಡಬೇಕು. ವರ್ಷಗಟ್ಟಲೆ ಉರಿದ ಟ್ಯೂಬಿನಲ್ಲಿ ಕ್ಯಾಥೋಡ್‌ನಿಂದ ಸಿಡಿದ ಲೋಹದ ಕಣಗಳು ಒಳಗಿನ ನಿರೋಧಕ ಆಧಾರಗಳ ಮೇಲೆ ತೆಳುವಾಗಿ ಕೂತು, ಎರಡು ಕ್ಯಾಥೋಡ್‌ಗಳ ನಡುವೆ ಸೋರುದಾರಿ ಮಾಡುವುದುಂಟು. ಆದರೆ ಬಹುಪಾಲು ಸಂದರ್ಭಗಳಲ್ಲಿ ಮಬ್ಬು ಆ ಸ್ಥಾನದಲ್ಲೇ ಉಳಿಯುತ್ತದೆ. ಆಗ ಸಾಕೆಟ್, ಬೋರ್ಡ್ ಇಲ್ಲವೇ ಡ್ರೈವರ್ ಕಡೆಗೆ ಗಮನ ಹರಿಸಬೇಕು. ಅಪರೂಪದ ಟ್ಯೂಬುಗಳನ್ನು ಕೆಟ್ಟಿವೆಯೆಂದು ಎತ್ತಿಡುವ ಮೊದಲು ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡಲೇಬೇಕು.

ಅಂಕಿಯ ಒಂದು ಭಾಗ ಮಾತ್ರ ಹೊತ್ತಿಕೊಳ್ಳದೆ ಕಪ್ಪಾಗಿ ಉಳಿಯುವುದು ಬೇರೆಯೇ ಕಾಯಿಲೆ. ಅದು ಬಹುಕಾಲ ಬಳಸದ ಕ್ಯಾಥೋಡ್‌ಗೆ ಕೊಳೆ ಹತ್ತುವುದರಿಂದ ಬರುತ್ತದೆ. ಅದಕ್ಕೂ ಸೋರಿಕೆಗೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ಮೈಕ್ರೋಆಂಪಿಯರ್ ಸೋರಿದರೆ ಏನೂ ಕಾಣುವುದಿಲ್ಲ

ವಾಸ್ತವ: ಐಎನ್-14ರಂಥ ಟ್ಯೂಬಿನ ಅಂಕಿಗೆ ಸುಮಾರು 2.5 ಮಿಲಿಆಂಪಿಯರ್ ಬೇಕು, ಅದರ ಸಾವಿರದ ಒಂದು ಪಾಲು ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನೆಯ ಸಾಕೆಟ್ಟಿಗೆ ಚುಚ್ಚಿ ನೋಡುವ ಟೆಸ್ಟರನ್ನು ನೆನಪಿಸಿಕೊಳ್ಳಿ. ಅದರೊಳಗಿನದೂ ನಿಯಾನ್ ದೀಪವೇ. ರಬ್ಬರ್ ಚಪ್ಪಲಿ ಹಾಕಿ ನಿಂತವರ ಮೈಯ ಮೂಲಕ ಹರಿಯುವ ಅತ್ಯಲ್ಪ ಕರೆಂಟಿಗೂ ಅದು ಕಣ್ಣಿಗೆ ಕಾಣುವಂತೆ ಹೊತ್ತಿಕೊಳ್ಳುತ್ತದೆ. ನಿಯಾನ್ ಹೊಳೆಯಲು ಮಿಲಿಆಂಪಿಯರ್ ಬೇಕಿಲ್ಲ. ನಿಕ್ಸಿಯ ಅಂಕಿ ಪೂರ್ತಿಯಾಗಿ, ಒಂದೇ ಸಮನೆ ಬೆಳಗಲು ಮಾತ್ರ ಅಷ್ಟು ಬೇಕು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಆರಿರುವ ಟ್ಯೂಬಿನ ಆನೋಡ್ ತೇಲುತ್ತಿದೆ, ಅದಕ್ಕೂ ಬೋರ್ಡಿನ ಗೆರೆಗೂ ಸೇರಿ 20 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇದೆ ಎಂದುಕೊಳ್ಳಿ. ಅದರೊಳಗೆ ಒಂದು ಮೈಕ್ರೋಆಂಪಿಯರ್ ಸೋರಿದರೆ ಆನೋಡಿನ ವೋಲ್ಟೇಜ್ ಪ್ರತಿ ಮಿಲಿಸೆಕೆಂಡಿಗೆ 50 ವೋಲ್ಟ್ ಏರುತ್ತದೆ. ಗಡಿಯಾರ ಸೆಕೆಂಡಿಗೆ ನೂರು ಸುತ್ತು ಹೊಡೆಯುತ್ತಿದ್ದರೆ ಆರು ಟ್ಯೂಬುಗಳಲ್ಲಿ ಪ್ರತಿಯೊಂದೂ ಒಂದು ಸುತ್ತಿನಲ್ಲಿ ಸುಮಾರು 8.3 ಮಿಲಿಸೆಕೆಂಡ್ ಆರಿರುತ್ತದೆ. ಆ ಅವಧಿಯಲ್ಲಿ ಆನೋಡ್ 170 ವೋಲ್ಟನ್ನು, ಅಂದರೆ ಹೊತ್ತಿಕೊಳ್ಳುವ ಮಟ್ಟವನ್ನು, ಒಂದಲ್ಲ ಎರಡು ಬಾರಿ ಮುಟ್ಟಬಹುದು. ಮುಟ್ಟಿದೊಡನೆ ಅನಿಲ ಹೊತ್ತಿಕೊಳ್ಳುತ್ತದೆ, ಕೂಡಿಟ್ಟ ಚಾರ್ಜ್ ಖಾಲಿಯಾಗುತ್ತದೆ, ಬೆಳಕು ಆರುತ್ತದೆ, ಮತ್ತೆ ಏರಿಕೆ ಶುರುವಾಗುತ್ತದೆ. ನಿಯಾನ್ ದೀಪದ ಈ ಮಿಡಿತವನ್ನು ಪಿಯರ್ಸನ್ ಮತ್ತು ಆನ್ಸನ್ 1922ರಲ್ಲೇ ಗುರುತಿಸಿದ್ದರು, ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ನಾವು ಬಯಸದೆಯೇ ಗಡಿಯಾರದೊಳಗೆ ಅಂಥ ಆರು ಆಸಿಲೇಟರ್‌ಗಳನ್ನು ಕಟ್ಟಿರುತ್ತೇವೆ.

ತಪ್ಪು ಕಲ್ಪನೆ: 300 ವೋಲ್ಟಿನ ಟ್ರಾನ್ಸಿಸ್ಟರ್ ಹಾಕಿದ್ದೇನೆ, ಆನೋಡ್ ಕಡೆ ಸೋರುವುದಿಲ್ಲ

ವಾಸ್ತವ: ಆನೋಡ್ ಸ್ವಿಚ್ಚಿಗೆ ಎಂಪಿಎಸ್‌ಎ92, ಅದನ್ನು ಕೆಳಗಿನಿಂದ ಎಳೆಯಲು ಎಂಪಿಎಸ್‌ಎ42: ಈ ಜೋಡಿ ನಿಕ್ಸಿ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎರಡೂ 300 ವೋಲ್ಟ್ ತಡೆಯುತ್ತವೆ, ಬೆಲೆಯೂ ಕಡಿಮೆ. ಡೇಟಾಶೀಟಿನ ಪ್ರಕಾರ ಎಂಪಿಎಸ್‌ಎ92ರ ಕಲೆಕ್ಟರ್-ಬೇಸ್ ಸೋರಿಕೆ 200 ವೋಲ್ಟಿನಲ್ಲಿ ಹೆಚ್ಚೆಂದರೆ 0.25 ಮೈಕ್ರೋಆಂಪಿಯರ್. ಆದರೆ ಆ ಅಂಕಿಯನ್ನು ಹೇಗೆ ಅಳೆದಿದ್ದಾರೆ ಎಂಬುದನ್ನೂ ನೋಡಬೇಕು. ಅದು ಎಮಿಟರನ್ನು ತೆರೆದಿಟ್ಟು ಅಳೆದದ್ದು. ನಮ್ಮ ಸರ್ಕ್ಯೂಟಿನಲ್ಲಿ ಎಮಿಟರ್ ಹೈವೋಲ್ಟೇಜಿಗೆ ಕೂತಿದೆ. ಕೆಳಗಿನ ಎಂಪಿಎಸ್‌ಎ42 ಆರಿದಾಗ ಬೇಸ್ ತೇಲುತ್ತಿದ್ದರೆ ಈ ಸೋರಿಕೆಯೇ ಬೇಸ್ ಕರೆಂಟ್ ಆಗಿಬಿಡುತ್ತದೆ, ಟ್ರಾನ್ಸಿಸ್ಟರ್ ತನ್ನ ಸೋರಿಕೆಯನ್ನು ತಾನೇ ಹಲವು ಪಟ್ಟು ಹಿಗ್ಗಿಸುತ್ತದೆ. ಎಂಪಿಎಸ್‌ಎ42ರ ಸೋರಿಕೆಯೂ ಅದೇ ಬೇಸಿನಿಂದ ಹೊರಟು ಅದರ ಜೊತೆ ಸೇರುತ್ತದೆ.

ಪರಿಹಾರಕ್ಕೆ ಒಂದೇ ಒಂದು ರೆಸಿಸ್ಟರ್ ಸಾಕು. ಎಂಪಿಎಸ್‌ಎ92ರ ಬೇಸ್ ಮತ್ತು ಎಮಿಟರ್ ನಡುವೆ 33 ಕಿಲೋಓಮ್ ಹಾಕಿದರೆ ಅರ್ಧ ಮೈಕ್ರೋಆಂಪಿಯರ್ ಸೋರಿಕೆ ಅದರ ಮೇಲೆ ಎಬ್ಬಿಸುವುದು 16 ಮಿಲಿವೋಲ್ಟ್ ಮಾತ್ರ. ಟ್ರಾನ್ಸಿಸ್ಟರ್ ಹೊತ್ತಿಕೊಳ್ಳಲು ಬೇಕಾದ 600ಕ್ಕೆ ಅದು ಎಲ್ಲಿಯೂ ಹತ್ತಿರವಿಲ್ಲ. ಸ್ವಿಚ್ ಆರುವಾಗ ಬೇಸಿನಲ್ಲಿ ಉಳಿದ ಚಾರ್ಜನ್ನು ಹೊರಗೆಳೆದು ಅದನ್ನು ಬೇಗ ಆರಿಸುವುದೂ ಇದೇ ರೆಸಿಸ್ಟರ್. ಇಷ್ಟು ಚಿಕ್ಕ ಭಾಗವನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟುಬಿಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಬಿಸಿಯನ್ನೂ ಮರೆಯಬಾರದು. ಸಿಲಿಕಾನ್ ಭಾಗಗಳ ಸೋರಿಕೆ ಸುಮಾರಾಗಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಮ್ಮಡಿಯಾಗುತ್ತದೆ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಹೈವೋಲ್ಟೇಜ್ ಕನ್ವರ್ಟರಿನ ಪಕ್ಕದಲ್ಲೇ ಟ್ರಾನ್ಸಿಸ್ಟರ್‌ಗಳಿದ್ದರೆ 25 ಡಿಗ್ರಿಯ ಅಂಕಿ 55 ಡಿಗ್ರಿಯಲ್ಲಿ ಎಂಟು ಪಟ್ಟಾಗಿರುತ್ತದೆ. ಮೇಜಿನ ಮೇಲೆ ಬಿಚ್ಚಿಟ್ಟಾಗ ಸರಿಯಾಗಿದ್ದ ಗಡಿಯಾರ ಪೆಟ್ಟಿಗೆಗೆ ಸೇರಿದ ಮೇಲೆ ಮಿನುಗತೊಡಗಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಆನೋಡಿಗೆ ಟಿಎಲ್‌ಪಿ627ರಂಥ ಡಾರ್ಲಿಂಗ್ಟನ್ ಆಪ್ಟೋಕಪ್ಲರ್ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ಅದರಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಒಂದರ ಬೆನ್ನಿಗೊಂದು ಇವೆ, ಬೇಸು ಕೈಗೆ ಸಿಗುವುದಿಲ್ಲ, ಆರುವುದೂ ನಿಧಾನ.

ತಪ್ಪು ಕಲ್ಪನೆ: ಆನೋಡಿಗೆ ಎಳೆ ರೆಸಿಸ್ಟರ್ ಹಾಕುವುದಾದರೆ ಆದಷ್ಟು ಚಿಕ್ಕದಿರಬೇಕು

ವಾಸ್ತವ: ಆರಿರುವ ಆನೋಡನ್ನು ನೆಲಕ್ಕೆ ಎಳೆದಿಡುವ ರೆಸಿಸ್ಟರ್ ಬೇಕೇ ಬೇಕು, ಆದರೆ 1 ಮೆಗಾಓಮ್ ಧಾರಾಳ. ಒಂದು ಮೈಕ್ರೋಆಂಪಿಯರ್ ಸೋರಿಕೆ ಅದರ ಮೇಲೆ ಒಂದು ವೋಲ್ಟ್ ಮಾತ್ರ ಎಬ್ಬಿಸುತ್ತದೆ. ಮೇಲೆ ಹೇಳಿದ 20 ಪಿಕೋಫ್ಯಾರಡ್ 20 ಮೈಕ್ರೋಸೆಕೆಂಡಿನ ಕಾಲಮಾನದಲ್ಲಿ ಬರಿದಾಗುತ್ತದೆ. ಟ್ಯೂಬ್ ಉರಿಯುವಾಗ 140 ವೋಲ್ಟಿಗೆ ವ್ಯರ್ಥವಾಗುವುದು 0.14 ಮಿಲಿಆಂಪಿಯರ್, ಶಾಖ 20 ಮಿಲಿವಾಟ್. 47 ಕಿಲೋಓಮ್ ಹಾಕಿದರೆ ಟ್ಯೂಬಿಗಿಂತ ಹೆಚ್ಚು ಕರೆಂಟನ್ನು ರೆಸಿಸ್ಟರೇ ಕುಡಿಯುತ್ತದೆ.

ತಪ್ಪು ಕಲ್ಪನೆ: ಕ್ಯಾಥೋಡ್ ಕಡೆ 50 ವೋಲ್ಟ್ ತಡೆಯುವ ಡ್ರೈವರ್ ಸಾಕು, ಉಳಿದದ್ದನ್ನು ಟ್ಯೂಬೇ ನುಂಗುತ್ತದೆ

ವಾಸ್ತವ: ಇಡೀ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ತಾಳ್ಮೆಯಿಂದ ನೋಡೋಣ.

180 ವೋಲ್ಟ್ ಕೊಟ್ಟರೆ ಟ್ಯೂಬಿನಲ್ಲಿ 140 ಉಳಿಯುತ್ತದೆ, ಡ್ರೈವರಿಗೆ 40 ಬಂದರೆ ಹೆಚ್ಚು ಎಂಬ ವಾದದ ಮೇಲೆ ಯುಎಲ್‌ಎನ್2003, ಟಿಪಿಐಸಿ6ಬಿ595 ಮುಂತಾದ 50 ವೋಲ್ಟಿನ ಚಿಪ್ಪುಗಳನ್ನು ಬಳಸುವವರಿದ್ದಾರೆ. ಚಿಪ್ಪು ಸುಟ್ಟುಹೋಗದಿರಬಹುದು, ಆದರೆ ಅಂಕಿ ಸ್ವಚ್ಛವಾಗಿ ಕಾಣುವುದಿಲ್ಲ. ಒಂದು ಅಂಕಿ ಉರಿಯುವಾಗ ಟ್ಯೂಬಿನೊಳಗೆಲ್ಲ ಅಯಾನುಗಳಿರುತ್ತವೆ. ಉಳಿದ ಒಂಬತ್ತು ಕ್ಯಾಥೋಡ್‌ಗಳು ಆ ಅಯಾನುಗಳ ನಡುವೆ ನಿಂತ ತಂತಿಗಳು. ಅವನ್ನು ಪೂರ್ತಿ ತೇಲಲು ಬಿಟ್ಟರೆ ತಾವಾಗಿ ಹಲವು ಹತ್ತು ವೋಲ್ಟಿಗೆ ಏರಿ ನಿಲ್ಲುತ್ತವೆ, ಅಲ್ಲಿ ಅವುಗಳಿಗೆ ಹರಿಯುವ ಕರೆಂಟ್ ಸೊನ್ನೆ. ಡ್ರೈವರ್ ಅವನ್ನು ಅದಕ್ಕಿಂತ ಕೆಳಗೆ ಹಿಡಿದಿಟ್ಟರೆ ಅವು ಧನ ಅಯಾನುಗಳನ್ನು ಸೆಳೆಯತೊಡಗುತ್ತವೆ. ಉರಿಯುವ ಅಂಕಿಗೆ ಸೇರಬೇಕಾದ ಕರೆಂಟ್ ಪಕ್ಕದವುಗಳಿಗೆ ಹಂಚಿಹೋಗುತ್ತದೆ. ಅಂಕಿಯ ಅಂಚು ಮಸುಕಾಗಿ, ಹಿಂದೆ ಒಂದು ಮಬ್ಬು ಹರಡುತ್ತದೆ.

ನಿಕ್ಸಿಗೆಂದೇ ಬಂದ 74141 ಚಿಪ್ಪನ್ನೂ ಅದರ ಸೋವಿಯತ್ ಸಮಾನ ಕೆ155ಐಡಿ1ನ್ನೂ ಇದೇ ಕಣ್ಣಿನಿಂದ ನೋಡಬೇಕು. 74141ರ ಆರಿದ ಔಟ್‌ಪುಟ್ 55 ವೋಲ್ಟಿನಲ್ಲಿ 50 ಮೈಕ್ರೋಆಂಪಿಯರ್‌ವರೆಗೆ ಸೋರಬಹುದೆಂದು ಡೇಟಾಶೀಟೇ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಮೇಲೆ 60 ವೋಲ್ಟ್ ದಾಟಿದ ಮೇಲೆ ಒಳಗಿನ ಕ್ಲ್ಯಾಂಪ್ ವೋಲ್ಟೇಜನ್ನು ಏರಲು ಬಿಡುವುದಿಲ್ಲ. ಆರಿದ ಒಂಬತ್ತು ಔಟ್‌ಪುಟ್‌ಗಳೂ ಆ ಮಿತಿಯಲ್ಲಿ ಸೋರಿದರೆ ಒಟ್ಟು 450 ಮೈಕ್ರೋಆಂಪಿಯರ್, ಅಂದರೆ 2.5 ಮಿಲಿಆಂಪಿಯರ್‌ನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು. ಒಳ್ಳೆಯ ಚಿಪ್ಪುಗಳು ಇದಕ್ಕಿಂತ ಬಹಳ ಕಡಿಮೆ ಸೋರುತ್ತವೆ, ಅದಕ್ಕೇ 74141 ಇಷ್ಟು ಕಾಲ ಬಾಳಿತು. ಆದರೆ ಮಲ್ಟಿಪ್ಲೆಕ್ಸಿಂಗ್‌ನಲ್ಲಿ ಪ್ರತಿ ಟ್ಯೂಬಿಗೂ ಸಿಗುವುದು ಆರನೇ ಒಂದು ಪಾಲು ಸಮಯ. ಬೆಳಕು ಕುಗ್ಗದಿರಲಿ ಎಂದು ಆ ಕ್ಷಣದ ಕರೆಂಟನ್ನು ಏರಿಸುತ್ತೇವೆ. ಕರೆಂಟ್ ಏರಿದಂತೆ ಟ್ಯೂಬಿನ ವೋಲ್ಟೇಜೂ ಏರುತ್ತದೆ, ಆರಿದ ಕ್ಯಾಥೋಡ್‌ಗಳ ಮೇಲಿನ ಒತ್ತಡವೂ ಏರುತ್ತದೆ. ನೇರವಾಗಿ ಓಡಿಸಿದಾಗ ಸ್ವಚ್ಛವಾಗಿದ್ದ ಅದೇ ಟ್ಯೂಬು, ಅದೇ ಚಿಪ್ಪು ಮಲ್ಟಿಪ್ಲೆಕ್ಸಿಂಗ್‌ಗೆ ಬಂದೊಡನೆ ಮಬ್ಬಾಗುವುದು ಇದರಿಂದ.

ತಪ್ಪು ಕಲ್ಪನೆ: ಹಾಗಿದ್ದರೆ 300 ವೋಲ್ಟಿನ ಡ್ರೈವರ್ ಹಾಕಿ ಕ್ಯಾಥೋಡ್ ತೇಲಲು ಬಿಟ್ಟರಾಯಿತು

ವಾಸ್ತವ: ನೇರ ಚಾಲನೆಯಲ್ಲಿ ಅದು ಸರಿ. ಮಲ್ಟಿಪ್ಲೆಕ್ಸಿಂಗ್‌ನಲ್ಲಿ ಇನ್ನೊಂದು ತೊಡಕಿದೆ. ಒಂದನೇ ಟ್ಯೂಬಿನಲ್ಲಿ 3 ಉರಿಯಿತು, ಮುಗಿಯಿತು, ಡ್ರೈವರ್ ಕೈಬಿಟ್ಟಿತು. ಈಗ ‘3’ರ ತಂತಿ ಎಷ್ಟು ವೋಲ್ಟಿನಲ್ಲಿದೆ? ಸೊನ್ನೆಯಲ್ಲೇ. ಅದನ್ನು ಮೇಲೆತ್ತಲು ಯಾರೂ ಇಲ್ಲ. ಎರಡನೇ ಟ್ಯೂಬಿನಲ್ಲಿ 7 ಹೊತ್ತಿಕೊಂಡೊಡನೆ ಅಲ್ಲಿನ 3 ಕೂಡ ಸೊನ್ನೆ ವೋಲ್ಟಿನಲ್ಲಿ ನಿಂತಿರುತ್ತದೆ. ಅನಿಲಕ್ಕೆ ಅವೆರಡರ ನಡುವೆ ಭೇದ ಗೊತ್ತಾಗುವುದಿಲ್ಲ. ಆರು ಟ್ಯೂಬುಗಳ ಕ್ಯಾಥೋಡ್, ಬೋರ್ಡಿನ ಗೆರೆ, ಡ್ರೈವರ್ ಎಲ್ಲ ಸೇರಿ ಆ ತಂತಿಗೆ 100 ಪಿಕೋಫ್ಯಾರಡ್ ಇದೆ ಎಂದಿಟ್ಟುಕೊಂಡರೆ, ಅದು 70 ವೋಲ್ಟಿಗೆ ಏರಲು ಬೇಕಾದ 7 ನ್ಯಾನೋಕೂಲಂ ಚಾರ್ಜ್ ಬರುವುದು ಎರಡನೇ ಟ್ಯೂಬಿನ 3ರ ಮೂಲಕವೇ. ಸೆಕೆಂಡಿಗೆ ನೂರು ಬಾರಿ ಹೀಗಾದರೆ ಸರಾಸರಿ 0.7 ಮೈಕ್ರೋಆಂಪಿಯರ್. ಕತ್ತಲೆಯ ಕೋಣೆಯಲ್ಲಿ ಕಣ್ಣಿಗೆ ಬೀಳಲು ಅಷ್ಟು ಸಾಕು. ಹಿಂದಿನ ಟ್ಯೂಬಿನ ಅಂಕಿಯೇ ಮುಂದಿನ ಟ್ಯೂಬಿನಲ್ಲಿ ಮಸುಕಾಗಿ ಕಾಣುವುದಕ್ಕೆ ಇದು ಬಲು ಸಾಮಾನ್ಯ ಕಾರಣ. ಇಲ್ಲಿ ಟ್ರಾನ್ಸಿಸ್ಟರ್ ಒಂದಿಷ್ಟೂ ಸೋರುತ್ತಿಲ್ಲ ಎಂಬುದನ್ನು ಗಮನಿಸಬೇಕು.

ಹತ್ತು ಕ್ಯಾಥೋಡ್ ತಂತಿಗಳನ್ನೂ 220 ಕಿಲೋಓಮ್ ರೆಸಿಸ್ಟರ್ ಮೂಲಕ 70 ವೋಲ್ಟಿನ ಸುತ್ತಮುತ್ತಲ ಒಂದು ಬಯಾಸ್ ಮೂಲಕ್ಕೆ ಕಟ್ಟಿದರೆ ಕೆಲಸ ಮುಗಿಯುತ್ತದೆ. ಕಾಲಮಾನ 22 ಮೈಕ್ರೋಸೆಕೆಂಡ್. ಒಂದು ಟ್ಯೂಬ್ ಆರಿ ಇನ್ನೊಂದು ಹೊತ್ತುವ ಮೊದಲು ಬಿಡುವ ಖಾಲಿ ಸಮಯದಲ್ಲಿ (ಬ್ಲ್ಯಾಂಕಿಂಗ್) ತಂತಿ ತಾನಾಗಿ ಮೇಲೇರಿರುತ್ತದೆ. ಬಯಾಸ್‌ಗೆ ಬೇರೆ ಕನ್ವರ್ಟರ್ ಬೇಡ, ಹೈವೋಲ್ಟೇಜಿನಿಂದ ಒಂದು ರೆಸಿಸ್ಟರ್, ಒಂದು ಜೀನರ್, ಒಂದು ಕೆಪ್ಯಾಸಿಟರ್ ಸಾಕು. ಕ್ಯಾಥೋಡ್ ಡ್ರೈವರಿಗೆ ಎಂಪಿಎಸ್‌ಎ42 ಇದ್ದರೆ 70 ವೋಲ್ಟ್ ಅದಕ್ಕೆ ಏನೇನೂ ಅಲ್ಲ. 74141 ಇದ್ದರೆ ಮಾತ್ರ ಅದರ ಕ್ಲ್ಯಾಂಪ್ ಮಟ್ಟಕ್ಕಿಂತ ಕೆಳಗೆ, 50ರ ಆಸುಪಾಸಿನಲ್ಲಿ ಇರಿಸಬೇಕಾಗುತ್ತದೆ. ಮಲ್ಟಿಪ್ಲೆಕ್ಸ್ ಮಾಡುವವರಿಗೆ ನನ್ನ ಸಲಹೆ ಕೇಳಿದರೆ 74141ಕ್ಕಿಂತ ಹತ್ತು ಎಂಪಿಎಸ್‌ಎ42ಗಳನ್ನೇ ಹೇಳುತ್ತೇನೆ.

ತಪ್ಪು ಕಲ್ಪನೆ: ಪ್ರೋಗ್ರಾಮಿನಲ್ಲಿ ಬ್ಲ್ಯಾಂಕಿಂಗ್ ಸಮಯ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ

ವಾಸ್ತವ: ಎಲ್ಲವೂ ಸರಿಹೋಗುವುದಿಲ್ಲ, ಒಂದು ಬಗೆಯ ತೊಂದರೆ ಮಾತ್ರ. ಆನೋಡ್ ಸ್ವಿಚ್ ನಿಧಾನವಾಗಿ ಆರುವುದರಿಂದ, ಅಯಾನುಗಳು ಮರುಕೂಡಲು ಹತ್ತಾರು ಮೈಕ್ರೋಸೆಕೆಂಡ್ ಬೇಕಾಗುವುದರಿಂದ ಆಗುವ ಘೋಸ್ಟಿಂಗ್ ಇದರಿಂದ ಹೋಗುತ್ತದೆ. ಸೋರಿಕೆ ಹಾಗಲ್ಲ, ಅದು ಖಾಲಿ ಸಮಯದಲ್ಲೂ ಹರಿಯುತ್ತಲೇ ಇರುತ್ತದೆ. ಖಾಲಿ ಸಮಯ ಹೆಚ್ಚಿಸುತ್ತ ಹೋದರೆ ಒಳ್ಳೆಯ ಬೆಳಕು ಕುಗ್ಗುತ್ತದೆ, ಕಳ್ಳ ಬೆಳಕು ಹಾಗೇ ಉಳಿಯುತ್ತದೆ.

ಎರಡನ್ನೂ ಬೇರ್ಪಡಿಸಿ ನೋಡಲು ಸುಲಭದ ದಾರಿಯಿದೆ. ಸ್ಕ್ಯಾನ್ ವೇಗವನ್ನು ಸೆಕೆಂಡಿಗೆ ಒಂದೆರಡು ಹೆಜ್ಜೆಗೆ ಇಳಿಸಿ, ಕತ್ತಲೆಯಲ್ಲಿ ನೋಡಿ. ಅಂಕಿ ಬದಲಾಗುವ ಕ್ಷಣದಲ್ಲಿ ಮಾತ್ರ ಮಿಂಚಿ ಹೋದರೆ ಅದು ಸಮಯದ ಅಥವಾ ತಂತಿಯ ಚಾರ್ಜಿನ ದೋಷ. ಇಡೀ ಹೊತ್ತು ಮಬ್ಬು ನಿಂತೇ ಇದ್ದರೆ ಸೋರಿಕೆ.

ಕ್ರಮವೂ ಮುಖ್ಯ. ಮೊದಲು ಆನೋಡ್ ಆರಿಸಿ, ಅದು ನಿಜವಾಗಿ ಇಳಿಯುವವರೆಗೆ ಕಾಯಬೇಕು. ಆಮೇಲೆ ಕ್ಯಾಥೋಡ್ ಬದಲಿಸಿ, ಹಳೆಯ ತಂತಿ ಮೇಲೇರುವವರೆಗೆ ಮತ್ತೆ ಕಾಯಬೇಕು. ಮುಂದಿನ ಆನೋಡನ್ನು ಹಚ್ಚುವುದು ಅದಾದ ಮೇಲೆ. ಆರು ಟ್ಯೂಬುಗಳ ನೂರು ಸುತ್ತಿನ ಲೆಕ್ಕದಲ್ಲಿ ಪ್ರತಿ ಟ್ಯೂಬಿಗೆ 1.67 ಮಿಲಿಸೆಕೆಂಡ್ ಸಿಗುತ್ತದೆ. ಎರಡೂ ಕಾಯುವಿಕೆ ಸೇರಿ 100 ಮೈಕ್ರೋಸೆಕೆಂಡ್ ಆದರೆ ಕಳೆದುಕೊಳ್ಳುವುದು ನೂರಕ್ಕೆ ಆರು ಪಾಲು ಬೆಳಕು, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ತಪ್ಪು ಕಲ್ಪನೆ: ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ನಿರೋಧಕವೇ, ತೊಳೆಯಬೇಕಾಗಿಲ್ಲ

ವಾಸ್ತವ: 5 ವೋಲ್ಟಿನ ಬೋರ್ಡಿನಲ್ಲಿ ಯಾರಿಗೂ ಗೊತ್ತಾಗದ 100 ಮೆಗಾಓಮ್ ಕೊಳೆ 180 ವೋಲ್ಟಿನಲ್ಲಿ 1.8 ಮೈಕ್ರೋಆಂಪಿಯರ್ ಹರಿಸುತ್ತದೆ. ಅಷ್ಟಿದ್ದರೆ ಎಳೆ ರೆಸಿಸ್ಟರ್ ಇಲ್ಲದ ಆನೋಡ್ ಹೊತ್ತಿಕೊಳ್ಳುತ್ತದೆ. ಫ್ಲಕ್ಸ್ ಉಳಿಕೆ, ಬೆರಳಿನ ಬೆವರಿನ ಉಪ್ಪು ಇವು ಒಣಗಿದಾಗ ಸುಮ್ಮನಿದ್ದು ಗಾಳಿಯ ತೇವ ಹೀರಿಕೊಂಡೊಡನೆ ಸೋರತೊಡಗುತ್ತವೆ. ಬೇಸಿಗೆಯಲ್ಲಿ ಕಟ್ಟಿದ ಗಡಿಯಾರ ಜುಲೈ ತಿಂಗಳ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಮಿನುಗಲು ಹಿಡಿದರೆ ಪ್ರೋಗ್ರಾಮನ್ನು ತಿದ್ದುವ ಮೊದಲು ಬೋರ್ಡನ್ನು ತೊಳೆಯಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಕರಗಿದ ಕೊಳೆ ಅಲ್ಲೇ ಹರಡಿ ಒಣಗದಂತೆ ಹೊಸ ಆಲ್ಕೊಹಾಲ್‌ನಿಂದ ಮತ್ತೊಮ್ಮೆ ತೊಳೆದು ಒಣಗಿಸಿ. ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿದ್ದರೆ ಬಿಸಿನೀರೇ ಬೇಕು. ರಕ್ಷಣೆಯ ವಾರ್ನಿಶ್ ಹಚ್ಚುವುದು ಅದಾದ ಮೇಲಿನ ಮಾತು, ಕೊಳೆಯ ಮೇಲೆ ಹಚ್ಚಿದರೆ ಕೊಳೆ ಒಳಗೆ ಉಳಿದು ಶಾಶ್ವತವಾಗುತ್ತದೆ.

ತಪ್ಪು ಕಲ್ಪನೆ: ಮಲ್ಟಿಮೀಟರ್ ಇಟ್ಟು ನೋಡಿದೆ, ಆನೋಡಿನಲ್ಲಿ ವೋಲ್ಟೇಜೇ ಇಲ್ಲ

ವಾಸ್ತವ: ಮೀಟರಿನ ಒಳರೋಧವೇ 10 ಮೆಗಾಓಮ್. 150 ವೋಲ್ಟಿನ ತಂತಿಗೆ ಅದನ್ನು ಮುಟ್ಟಿಸಿದರೆ 15 ಮೈಕ್ರೋಆಂಪಿಯರ್ ಎಳೆಯಲು ನೋಡುತ್ತದೆ. ಸೋರಿಕೆ ಒಂದು ಮೈಕ್ರೋಆಂಪಿಯರ್ ಮಾತ್ರವಿದ್ದರೆ ವೋಲ್ಟೇಜ್ ಹತ್ತಕ್ಕೆ ಕುಸಿದು ಟ್ಯೂಬಿನ ಮಬ್ಬೂ ಆರುತ್ತದೆ. ಪ್ರೋಬ್ ಮುಟ್ಟಿಸಿದಾಗ ಘೋಸ್ಟಿಂಗ್ ಮಾಯವಾಗಿ, ತೆಗೆದಾಗ ಮರಳಿ ಬಂದರೆ ಅದೇ ಸಾಕ್ಷಿ: ಆ ತಂತಿ ತೇಲುತ್ತಿದೆ.

ಅಳೆಯಲು ಆಗಲೇ ಹಾಕಿದ 1 ಮೆಗಾಓಮ್ ಎಳೆ ರೆಸಿಸ್ಟರನ್ನೇ ಬಳಸಿಕೊಳ್ಳಬಹುದು. ಟ್ಯೂಬನ್ನು ಕಳಚಿ, ಸ್ಕ್ಯಾನ್ ನಿಲ್ಲಿಸಿ, ಎಲ್ಲ ಆನೋಡ್ ಆರಿಸಿ, ಆ ರೆಸಿಸ್ಟರಿನ ಎರಡು ತುದಿಯ ವೋಲ್ಟೇಜ್ ನೋಡಿ. ಮೀಟರಿನ 10 ಮೆಗಾಓಮ್ ಜೊತೆಗೂಡುವುದರಿಂದ ಪ್ರತಿ 0.9 ವೋಲ್ಟಿಗೆ ಒಂದು ಮೈಕ್ರೋಆಂಪಿಯರ್ ಸೋರಿಕೆ ಎಂದು ಲೆಕ್ಕ. ಮೀಟರಿನ ಒಂದು ತುದಿ ನೆಲದಲ್ಲೇ ಇರುವುದರಿಂದ ಹೈವೋಲ್ಟೇಜ್ ಕಡೆ ಸಾಲಾಗಿ ಮೀಟರ್ ಸೇರಿಸುವುದಕ್ಕಿಂತ ಇದು ಸುರಕ್ಷಿತ. ಹಾಗೆಂದು ಎಚ್ಚರ ತಪ್ಪಬಾರದು. 180 ವೋಲ್ಟ್ ಡಿಸಿ ಪ್ರಾಣಕ್ಕೆ ಅಪಾಯ ತರಬಲ್ಲದು. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪ್ಯಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಅದರ ಅಡ್ಡಕ್ಕೆ ಖಾಯಂ ಒಂದು ಡಿಸ್ಚಾರ್ಜ್ ರೆಸಿಸ್ಟರ್ ಇರಲೇಬೇಕು, ಪ್ರೋಬನ್ನು ಒಂದೇ ಕೈಯಲ್ಲಿ ಹಿಡಿಯುವುದು ರೂಢಿಯಾಗಬೇಕು.

ತಪ್ಪು ಕಲ್ಪನೆ: ಮಲ್ಟಿಪ್ಲೆಕ್ಸಿಂಗ್ ಬಿಟ್ಟು ನೇರ ಚಾಲನೆಗೆ ಹೋದರೆ ಸೋರಿಕೆಯ ಚಿಂತೆಯಿಲ್ಲ

ವಾಸ್ತವ: ಅರ್ಧ ಚಿಂತೆ ಹೋಗುತ್ತದೆ. ಆನೋಡ್‌ಗಳು ಸದಾ ಹೈವೋಲ್ಟೇಜಿನಲ್ಲೇ ಇರುವುದರಿಂದ ಆನೋಡ್ ಸ್ವಿಚ್ಚಿನ ಸೋರಿಕೆಯ ಪ್ರಶ್ನೆಯೇ ಏಳುವುದಿಲ್ಲ, ಒಂದು ಟ್ಯೂಬಿನ ಅಂಕಿ ಇನ್ನೊಂದರಲ್ಲಿ ಕಾಣುವುದಿಲ್ಲ. ಆರಿದ ಕ್ಯಾಥೋಡ್‌ಗಳ ಮಬ್ಬಿಗೆ ಮಾತ್ರ ಮಲ್ಟಿಪ್ಲೆಕ್ಸಿಂಗ್ ಕಾರಣವಲ್ಲ. 50 ವೋಲ್ಟಿನ ಚಿಪ್ಪು ಅಲ್ಲಿಯೂ ಅಯಾನುಗಳನ್ನು ಸೆಳೆಯುತ್ತದೆ. ಅಲ್ಲದೆ ಗಂಟೆಯ ಮೊದಲ ಅಂಕಿಯಂತೆ ಕೆಲವೊಮ್ಮೆ ಪೂರ್ತಿ ಆರಿರಬೇಕಾದ ಟ್ಯೂಬಿಗೆ ನೇರ ಚಾಲನೆ ಹೆಚ್ಚು ಕಠಿಣ ಪರೀಕ್ಷೆ: ಆನೋಡಿನಲ್ಲಿ 180 ವೋಲ್ಟ್ ಎಡೆಬಿಡದೆ ನಿಂತಿರುತ್ತದೆ, ಹತ್ತು ಡ್ರೈವರ್‌ಗಳಲ್ಲಿ ಯಾವುದಾದರೂ ಒಂದು ಸೋರಿದರೂ ಅದರ ಅಂಕಿ ಇಡೀ ರಾತ್ರಿ ಮಸುಕಾಗಿ ಉರಿಯುತ್ತದೆ. ಅಂಥ ಸ್ಥಾನದಲ್ಲಿ 200 ವೋಲ್ಟಿಗೂ ಹೆಚ್ಚು ತಡೆಯುವ ಡ್ರೈವರ್ ಬೇಕು, ಇಲ್ಲವೇ ಆ ಒಂದು ಟ್ಯೂಬಿನ ಆನೋಡಿಗೆ ಬೇಸ್-ಎಮಿಟರ್ ರೆಸಿಸ್ಟರ್ ಮತ್ತು 1 ಮೆಗಾಓಮ್ ಎಳೆ ರೆಸಿಸ್ಟರ್ ಸಮೇತ ಒಂದು ಸ್ವಿಚ್ ಇಡಬೇಕು.